ಮೊದಲ ಒಗ್ಗರಣೆ

ಕೆಂಚಮ್ಮ ಸಂಜೆ ನೀರಿಗೆ ಹೋದವಳು ಬರಿಗೈಯಲ್ಲಿ ಬಂದಳು. ಸೀರೆ ಅರ್ಧಕ್ಕರ್ಧ ಒದ್ದೆಯಾಗಿತ್ತು, ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಮುದ್ದೆ ತೊಳಸುತ್ತಿದ್ದ ಹುಲಿಗೆಮ್ಮ ಕೋಲನ್ನು ಮಡಕೆಯಲ್ಲೇ ಬಿಟ್ಟು ಎದ್ದಳು.

“ಎಲ್ಲೇ ಕೊಡ?”

“ಒಡೆದೋಯ್ತು ಕಣವ್ವ.”

“ಒಡೆದೋಯ್ತೋ, ಒಡೆದ್ರೋ?”

ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಸಿದು ಅಳತೊಡಗಿದಳು. ಅಜ್ಜಿ ದುರ್ಗಮ್ಮ ತನ್ನ ಸೆರಗಿನಿಂದ ಮೊಮ್ಮಗಳ ಮೊಣಕೈ ಒರೆಸುತ್ತಾ ಒಂದೊಂದೇ ಮಾತು ಹೊರಡಿಸಿದಳು. ಕೆರೆ ಏರಿಯ ಮೇಲೆ, ಹೆಂಡದ ಅಂಗಡಿಯ ಮುಂದೆ, ನಾಲ್ಕು ಜನ ಕಾಲು ಚಾಚಿಕೊಂಡು ದಾರಿಗೆ ಅಡ್ಡ ಕೂತಿದ್ದರಂತೆ. ದಾರಿ ಬಿಡಿ ಎಂದರೆ ಒಂದು ಪದ ಹಾಡು, ಬಿಡ್ತೀವಿ ಎಂದರಂತೆ. ಇವಳು ಹಿಂದಕ್ಕೆ ತಿರುಗಿದಾಗ ಒಬ್ಬ ಕೊಡ ಕಸಿದು ಕಲ್ಲಿಗೆ ಎತ್ತಿಹಾಕಿದ. ಆ ಎಳೆದಾಟದಲ್ಲಿ ಇವಳು ಏರಿಯ ಕೆಳಕ್ಕೆ ಉರುಳಿದಳು. ಮೇಲೆ ನಿಂತು ನಕ್ಕವರಲ್ಲಿ ಊರಿನವರೂ ಇದ್ದರು.

ಬುಕ್ಕಾಂಬುಧಿಗೆ ಹರದಾರಿ ದೂರದ ಆ ಕಲ್ಲೇನಹಳ್ಳಿಗೆ ಕುಡಿಯುವ ನೀರಿನ ಬಾವಿ ಇದ್ದದ್ದು ಒಂದೇ, ಅದೂ ಏರಿಯ ಆಚೆ ತುದಿಯಲ್ಲಿ. ಊರಿನ ಹೆಂಗಸರೆಲ್ಲ ದಿನಕ್ಕೆ ನಾಲ್ಕು ಸಲ ತುಳಿಯುವ ಆ ದಾರಿಗೇ ಬಾಗಿಲು ಮಾಡಿ ತರೀಕೆರೆಯ ಗುತ್ತಿಗೆದಾರ ಹೆಂಡದ ಗುಡಿಸಲು ಹಾಕಿಸಿದ್ದ. ಊರ ಹೊರಗೆ ಬೇಕಾದಷ್ಟು ಬಯಲಿತ್ತು. ಆದರೆ ಇಲ್ಲೇ ಹಾಕಿ ಎಂದು ಕೈ ತೋರಿಸಿದವನು ಊರಗೌಡ ದೊಡ್ಡಬೀರಪ್ಪ, ಹುಲಿಗೆಮ್ಮನ ಗಂಡ. ಅದರ ಉಪಕಾರಕ್ಕೆ ಪ್ರತಿದಿನದ ಮೊದಲ ಬಟ್ಟಲು ಅವನದು.

ಅವತ್ತು ಊಟಕ್ಕೆ ಕೂತಾಗಲೂ ಅವನ ಬಾಯಲ್ಲಿ ಅದೇ ನಾತ. ಹುಲಿಗೆಮ್ಮ ಎಲ್ಲವನ್ನೂ ಹೇಳಿದಳು. ಅವನು ಮುದ್ದೆ ಮುರಿಯುತ್ತಾ ಕೇಳಿದ.

“ಕತ್ತಲಾಗೋ ಹೊತ್ನಾಗೆ ಇವಳನ್ಯಾಕೆ ಕಳಿಸ್ದೆ? ನಾಳೆಯಿಂದ ನೀರಿಗೆ ನೀನೇ ಹೋಗು. ಹುಡುಗಿ ಒಳಗೆ ಬಿದ್ದಿರ್ಲಿ.”

“ಕೊಡ ಒಡೆದೋನು ಯಾರು ಅಂತ ಕೇಳೋದಿಲ್ವಾ?”

“ಕುಡಿದೋರ ಮಾತು ಕಣೇ ಅದು. ದೊಡ್ಡದು ಮಾಡಿದ್ರೆ ನಮ್ಮ ಮನೆ ಮಾನವೇ ಹೋಗೋದು.”

“ಮಾನ ಹೋಗಿರೋದು ಏರಿ ಮ್ಯಾಲೆ. ಅಂಗಡಿ ಎತ್ತಿಸ್ರಿ.”

“ಸರ್ಕಾರದ ಅಂಗಡೀನ ನಾನು ಎತ್ತಿಸ್ಲಾ? ತಲೆ ನೆಟ್ಟಗೈತಾ ನಿಂಗೆ?”

ಕೆಂಚಮ್ಮ ಮನೆಯೊಳಗೆ ಉಳಿದಳು. ತಪ್ಪು ಮಾಡಿದವರು ಏರಿಯ ಮೇಲೆ ಕಾಲು ಚಾಚಿಕೊಂಡೇ ಇದ್ದರು, ತಪ್ಪೇ ಮಾಡದವಳು ಹಿತ್ತಲ ಬಾಗಿಲು ದಾಟದಂತಾಯಿತು. ಇಂಥ ನ್ಯಾಯಕ್ಕೆ ನಮ್ಮ ಊರುಗಳಲ್ಲಿ ಪಂಚಾಯಿತಿ ಸೇರಬೇಕಾಗಿಲ್ಲ, ಒಂದು ತುತ್ತು ನುಂಗುವಷ್ಟರಲ್ಲಿ ತೀರ್ಮಾನವಾಗಿಬಿಡುತ್ತದೆ.

ವಾರ ಕಳೆಯುವುದರೊಳಗೆ ಮಾತು ಅಮೃತಾಪುರ ಮುಟ್ಟಿತು. ಕೆಂಚಮ್ಮನನ್ನು ಕೊಡುವುದೆಂದು ಮಾತಾಗಿದ್ದುದು ಅಲ್ಲಿಗೆ. ನಂಟರ ಪೈಕಿ ಕಾಂತಮ್ಮ ಎಂಬಾಕೆ ಬಂದು ಮಜ್ಜಿಗೆ ಕುಡಿದು, ಸುತ್ತಿ ಬಳಸಿ ವಿಷಯಕ್ಕೆ ಬಂದಳು.

“ಅವರೇನೂ ಬ್ಯಾಡ ಅಂದಿಲ್ಲ ಕಣಕ್ಕ. ಈ ವರ್ಷ ತಡೀಲಿ ಅಂದ್ರು. ಏರಿ ಮ್ಯಾಲೆ ಏನೋ ಆಯ್ತಂತಲ್ಲ...”

“ಏನಾಯ್ತು? ಕೊಡ ಒಡೀತು. ಹೋಗಿ ಅಷ್ಟೇ ಹೇಳು.” ಹುಲಿಗೆಮ್ಮ ಲೋಟವನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು. ಅವಳಿಗೆ ಕಣ್ಣೀರು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡಬೀರಪ್ಪನ ಮಗ ನಂಜುಂಡಪ್ಪ ಬೀರೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಓದುತ್ತಿದ್ದ. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ಮರುವರ್ಷ ಅದು. ಬೀರೂರಿನ ಹುಡುಗರ ತಲೆಯ ಮೇಲೆಲ್ಲ ಬಿಳಿ ಟೋಪಿ ಬಂದಿತ್ತು, ಇವನ ತಲೆಯ ಮೇಲೂ ಬಂದಿತ್ತು. ತಂಗಿಯ ಸುದ್ದಿ ಕೇಳಿ ರೈಲಿನಲ್ಲಿ ಅಜ್ಜಂಪುರಕ್ಕೆ ಬಂದು, ಅಲ್ಲಿಂದ ನಡೆದು ಊರಿಗೆ ಬಂದ. ಅಪ್ಪನ ಎದುರು ನಿಂತು ಮಾತಾಡುವ ಧೈರ್ಯ ಅವನಿಗಿರಲಿಲ್ಲ. ಅದರ ಬದಲು ಭಾನುವಾರ ಅರಳಿಕಟ್ಟೆಯಲ್ಲಿ ಸಭೆ ಮಾಡಿದ. ಪಾನನಿರೋಧ, ರಾಷ್ಟ್ರ, ಆತ್ಮಶುದ್ಧಿ ಎಂದೆಲ್ಲ ಚೆನ್ನಾಗಿಯೇ ಹೇಳಿದ. ಕೊನೆಗೆ ಬಾವುಟ ಮುಂದೆ ಹಿಡಿದು, ಇನ್ನು ಕುಡಿಯುವುದಿಲ್ಲ ಎಂದು ಕೈ ಎತ್ತಿ ಎಂದ. ಎಲ್ಲರೂ ಎತ್ತಿದರು. ಕೆಲವರು ಎರಡೂ ಕೈ ಎತ್ತಿದರು. ಗೌಡರ ಮಗ ಊರಿಗೆ ಬಂದು ಬಾಯಿ ಬಿಟ್ಟು ಕೇಳುತ್ತಿರುವಾಗ ಇಲ್ಲ ಎನ್ನುವುದು ಯಾವ ಮರ್ಯಾದೆ? ದೀಪ ಹಚ್ಚುವ ಹೊತ್ತಿಗೆ ಆ ಕೈಗಳೆಲ್ಲ ಏರಿಯ ಮೇಲೆ ಬಟ್ಟಲು ಹಿಡಿದಿದ್ದವು.

ತರೀಕೆರೆಯ ಅಮಲ್ದಾರರಿಗೆ ಅವನು ಅರ್ಜಿಯನ್ನೂ ಬರೆದ. ಅಂಗಡಿ ಕಾನೂನು ಪ್ರಕಾರ ಇದೆ, ಅಡ್ಡಿಪಡಿಸಿದವರ ಮೇಲೆ ಕ್ರಮ ಆಗುತ್ತದೆ ಎಂದು ಜವಾಬು ಬಂತು. ಮಗ ಆ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬೀರೂರಿಗೆ ಹೋದ.

ಮರುದಿನ ಅತ್ತೆ ಸೊಸೆ ಇಬ್ಬರೂ ಬೀಸುವ ಕಲ್ಲಿನ ಎದುರುಬದುರು ಕೂತಿದ್ದರು. ರಾಗಿ ಹಾಕುತ್ತಿದ್ದ ದುರ್ಗಮ್ಮ ಕೈ ನಿಲ್ಲಿಸಿದಳು.

“ಸಿಡುಬು ಬಂದಾಗ ಊರಿಗೆ ಸಾರು ಹಾಕಿಸ್ತೀವಿ. ದನಕ್ಕೆ ರೋಗ ಬಂದಾಗ ಹಾಕಿಸ್ತೀವಿ. ಏರಿ ಮ್ಯಾಲೆ ಕೂತಿರೋದು ಮಾರಿ ಅಲ್ಲದೆ ಇನ್ನೇನೇ?”

ಹುಲಿಗೆಮ್ಮ ಅತ್ತೆಯ ಮುಖ ನೋಡಿದಳು. “ಅವ್ರು ಒಪ್ತಾರಾ ಅತ್ತೆ?”

“ಯಾರನ್ನ ಕೇಳ್ಬೇಕು? ವೀಳ್ಯ ಕೊಡೋ ಕೈ ಯಾರ್ದು?”

ಸಾರು ಹಾಕುವುದೆಂದರೆ ಊರಮ್ಮನ ಹೆಸರಿನಲ್ಲಿ ತಮಟೆ ಬಾರಿಸಿ ಕಟ್ಟು ಹೇರುವುದು. ಮಂಗಳವಾರ ತಮಟೆ ಊರು ಸುತ್ತಿತೆಂದರೆ ಮುಗಿಯಿತು. ಒಲೆಯ ಮೇಲೆ ಹೆಂಚು ಇಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ತಿನ್ನುವುದು, ಕುಡಿಯುವುದು ಯಾವುದೂ ಗಡಿಕಲ್ಲಿನ ಆಚೆಯಿಂದ ಒಳಗೆ ಬರುವಂತಿಲ್ಲ. ಹೊರಗೆ ಹೋಗಿ ಬಾಯಿ ಎಂಜಲು ಮಾಡಿಕೊಂಡವನು ಆ ದಿನ ಒಳಗೆ ಕಾಲಿಡುವಂತಿಲ್ಲ, ಊರಿನವರು ರಾತ್ರಿ ಹೊರಗೆ ಉಳಿಯುವಂತೆಯೂ ಇಲ್ಲ. ಇದನ್ನೆಲ್ಲ ಗೌಡ ಹಾಕಿಸುತ್ತಾನೆ ಎಂದೇ ಊರು ಹೇಳುತ್ತಿತ್ತು. ಗೌಡ ಜಗಲಿಯ ಮೇಲೆ ಕೂತು ‘ಹಾಕ್ಸಿ’ ಎನ್ನುತ್ತಿದ್ದುದೂ ನಿಜ. ಆದರೆ ತಮಟೆಯವನ ಬಟ್ಟೆಗೆ ಬೀಳುವ ವೀಳ್ಯ ಗೌಡರ ಮನೆಯ ಹಿರಿ ಹೆಂಗಸಿನ ಕೈಯಿಂದಲೇ ಬೀಳಬೇಕಿತ್ತು. ಸಾರು ತೆಗೆಯುವ ದಿನ ಮೊದಲ ಒಗ್ಗರಣೆ ಗೌಡರ ಮನೆಯ ಒಲೆಯ ಮೇಲೆ ಸಿಡಿದು, ಅದರ ವಾಸನೆ ಬೀದಿಗೆ ಬಂದ ಮೇಲೆಯೇ ಉಳಿದ ಮನೆಗಳಲ್ಲಿ ಹೆಂಚು ಏರಬೇಕಿತ್ತು. ಎಲೆ ಅಡಿಕೆ, ಸಾಸಿವೆ, ಎಣ್ಣೆ ಇವೆಲ್ಲ ಹೆಂಗಸರ ಚಾಕರಿ, ಅದರಲ್ಲೇನಿದೆ ಎಂದು ಗಂಡಸರು ತಲೆಮಾರುಗಳಿಂದ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಮಂಗಳವಾರ ಬೆಳಗ್ಗೆ ದೊಡ್ಡಬೀರಪ್ಪ ತೆಂಗಿನ ತೋಟಕ್ಕೆ ಹೋದ ಮೇಲೆ ದುರ್ಗಮ್ಮ ತಮಟೆ ಬಾರಿಸುವ ಹೊರಕೇರಿಯ ತಿಮ್ಮಪ್ಪನಿಗೆ ಹೇಳಿಕಳಿಸಿದಳು. ತಲೆ ನರೆತಿದ್ದ ಅವನನ್ನು ಹಾಲುಹಲ್ಲಿನ ಮಕ್ಕಳೂ ತಿಮ್ಮ ಎಂದೇ ಕೂಗುತ್ತಿದ್ದರು. ಅವನು ಹಿತ್ತಲ ಬೇಲಿಯಾಚೆ ನಿಂತು ಬಟ್ಟೆ ಒಡ್ಡಿದ. ಎರಡು ಎಲೆ, ಒಂದು ಅಡಿಕೆ ಮೇಲಿನಿಂದ ಬಿದ್ದವು. ಊರನ್ನೇ ಕಟ್ಟಿಹಾಕುವ ಸದ್ದು ಅವನ ಕೈಯದು, ಆ ಕೈಗೆ ಎಲೆ ಮುಟ್ಟಿಸಲು ಮಾತ್ರ ಯಾರಿಗೂ ಆಗದು.

“ಗೌಡ್ರು ಹೇಳವ್ರಾ ಅವ್ವಾರೆ?”

“ವೀಳ್ಯ ಬಂದೈತಲ್ಲಪ್ಪ.”

ತಿಮ್ಮಪ್ಪ ಬಟ್ಟೆಯಲ್ಲಿ ಬಿದ್ದ ಎಲೆಯತ್ತ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಅವನ ಹೆಂಡತಿಯೂ ಅದೇ ಏರಿಯ ಮೇಲೆ ಓಡಾಡುವವಳು, ಅವಳಿಗಾದದ್ದನ್ನು ಕೇಳಲು ಯಾರೂ ಸಭೆ ಸೇರಿಸಿರಲಿಲ್ಲ. ಎಲೆಯನ್ನು ಕಣ್ಣಿಗೊತ್ತಿಕೊಂಡ. “ಸರಿ ಬುಡಿ.”

“ತಿಮ್ಮಣ್ಣ,” ಹುಲಿಗೆಮ್ಮ ಮುಂದೆ ಬಂದಳು, “ಅಮ್ಮನ ಪಾಲು ಅಂತ ಒಂದು ಗಡಿಗೆ ಹೆಂಡ ಒಳಗೆ ಬಿಡ್ತಿದ್ರಲ್ಲ, ಈ ಸಲ ಅದೂ ಇಲ್ಲ ಅಂತ ಸಾರು.”

ತಮಟೆ ಊರು ಸುತ್ತಿತು. ಈಚಲ ವನ ಇದ್ದದ್ದು ಗಡಿಕಲ್ಲಿನ ಆಚೆ. ಗಡಿಗೆ ಹೊತ್ತು ಬರುತ್ತಿದ್ದ ಆಳುಗಳು ಕಲ್ಲಿನ ಹತ್ತಿರ ಬಂದು, ಸದ್ದು ಕೇಳಿ, ಗಡಿಗೆ ಇಳಿಸಿ ಅಲ್ಲೇ ಕೂತರು. ಅವರೂ ಸುತ್ತಲ ಹಳ್ಳಿಯವರೇ. ಗುತ್ತಿಗೆದಾರನ ಗುಮಾಸ್ತೆ ಬೈದ, ಹೊಡೆಯುತ್ತೇನೆಂದು ಹೆದರಿಸಿದ. ಒಬ್ಬನೂ ಕಲ್ಲು ದಾಟಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೆಂಡ ಹುಳಿಯೇರಿ ಉಕ್ಕಿ ನೆಲದ ಪಾಲಾಯಿತು.

ದೊಡ್ಡಬೀರಪ್ಪ ತೋಟದಿಂದ ಹಾರಿಕೊಂಡು ಬಂದ.

“ಯಾರನ್ನ ಕೇಳಿ ಸಾರು ಹಾಕ್ಸಿದ್ರಿ?”

“ಅಮ್ಮನ್ನ ಕೇಳಿ,” ಎಂದಳು ದುರ್ಗಮ್ಮ.

“ಹಾಕ್ಸಿದ್ದು ಹಾಕ್ಸಿದ್ರಿ. ಅಮ್ಮನ ಪಾಲಿನ ಗಡಿಗೆ ಯಾಕೆ ತಡೆದ್ರಿ? ಅದು ಹಿಂದಿನಿಂದ ಬಂದದ್ದು!”

“ನಾನು ಈ ಮನೆಗೆ ಕಾಲಿಟ್ಟಾಗ ಅಮ್ಮಂಗೆ ಇಡ್ತಿದ್ದದ್ದು ಮೊಸರನ್ನ ಕಣೋ. ಹೆಂಡ ತಂದಿಟ್ಟೋನು ನಿಮ್ಮಪ್ಪ. ಅಮ್ಮ ಕುಡಿದದ್ದನ್ನ ನಾನು ಕಾಣೆ, ನಿಮ್ಮಪ್ಪ ಕುಡಿದದ್ದನ್ನ ಕಂಡಿದೀನಿ.”

ಸಾಮಾನ್ಯವಾಗಿ ಎಂಟು ದಿನಕ್ಕೆ ಸಾರು ತೆಗೆಯುತ್ತಿದ್ದರು. ಎಂಟು ಕಳೆದು ಒಂಬತ್ತಾಯಿತು, ಹತ್ತಾಯಿತು. ಮನೆಮನೆಯಲ್ಲೂ ಬರೀ ಮುದ್ದೆ, ಉಪ್ಪು ಹಾಕಿ ಬೇಯಿಸಿದ ಹುರುಳಿ, ಮಜ್ಜಿಗೆ. ದೊಡ್ಡಬೀರಪ್ಪ ತಟ್ಟೆ ತಳ್ಳುತ್ತಿದ್ದ.

“ದನಾನೂ ಮೂಸೋದಿಲ್ಲ ಇದನ್ನ. ಒಂದು ರೊಟ್ಟಿ ತಟ್ಟು.”

“ಹೆಂಚು ಇಡೋ ಹಂಗಿಲ್ವಲ್ಲ.”

“ಹಂಗಾದ್ರೆ ಸಾರು ತೆಗೆಸು.”

“ಅಂಗಡಿ ತೆಗೆಸ್ರಿ.”

ಸರ್ಕಾರಕ್ಕೆ ಹೆದರದ ಕುಡುಕರೂ, ಮಗನ ಬಾವುಟಕ್ಕೆ ಎರಡು ಕೈ ಎತ್ತಿ ಮರೆತವರೂ ಗಡಿಕಲ್ಲಿನ ಮುಂದೆ ಮಾತ್ರ ಬೆಕ್ಕಿನ ಹಾಗೆ ಮೆತ್ತಗಾಗಿದ್ದರು. ಆಚೆ ಹೋಗಿ ಕುಡಿದರೆ ಒಳಗೆ ಬರುವಂತಿಲ್ಲ, ಹೊರಗೆ ಮಲಗುವಂತಿಲ್ಲ. ನಿಯಮವನ್ನು ಯಾರೂ ಕಾಯಬೇಕಾಗಿರಲಿಲ್ಲ, ತೊಟ್ಟಿಲಿನಿಂದಲೇ ಅದು ಅವರ ಮೈಗೆ ಹತ್ತಿತ್ತು. ಪಕ್ಕದ ಎರಡು ಹಳ್ಳಿಯ ಹೆಂಗಸರು ನೀರಿನ ನೆಪದಲ್ಲಿ ಬಂದು ದುರ್ಗಮ್ಮನನ್ನು ವಿಚಾರಿಸಿಕೊಂಡು ಹೋದರು. ಮುಂದಿನ ಮಂಗಳವಾರ ಅಲ್ಲೂ ತಮಟೆ ಕೇಳಿಸಿತು.

ನಂಜುಂಡಪ್ಪ ಮತ್ತೆ ಬಂದ. “ಅವ್ವ, ಇದೇನು ಮೂಢನಂಬಿಕೆ? ಬೀರೂರಿನಾಗೆ ನಗ್ತಾರೆ.”

“ನಿನ್ನ ಬಾವುಟಕ್ಕೆ ಕೈ ಎತ್ತಿದೋರಲ್ಲಿ ಎಷ್ಟು ಜನ ನಿಂತ್ಕೊಂಡ್ರಪ್ಪ?”

ಮೂಢನಲ್ಲ ಅವನು. ಸಂಜೆ ಗಡಿಕಲ್ಲಿನವರೆಗೆ ಹೋಗಿ ಉರುಳಿಬಿದ್ದ ಗಡಿಗೆಗಳನ್ನು ನೋಡಿಕೊಂಡು ಬಂದ. “ಇದೂ ಸತ್ಯಾಗ್ರಹವೇ ಕಣವ್ವ. ನಮ್ಮೋರಿಗೆ ಹೇಳ್ತೀನಿ.”

“ಏನಾದ್ರೂ ಕರ್ಕೋ. ನಾಳೆ ತಿಮ್ಮಣ್ಣಂಗೆ ಏನಾದ್ರೂ ಆದ್ರೆ ನಿಮ್ಮೋರು ಬಂದು ನಿಲ್ತಾರಾ ಅಂತ ಕೇಳ್ಕೊಂಡು ಬಾ, ಅಷ್ಟು ಸಾಕು.”

ಅವರು ಯಾರೂ ಬಂದು ನಿಲ್ಲಲಿಲ್ಲ. ಹದಿನಾರನೆಯ ದಿನ ಅಮಲ್ದಾರರ ಗಾಡಿ ಬಂತು. ಮಧ್ಯಾಹ್ನ ತಿಮ್ಮಪ್ಪನ ಹೆಂಡತಿ ಹಿತ್ತಲ ಬೇಲಿ ಹಿಡಿದು ಕೂಗಿದಳು: “ಅವ್ವಾರೇ, ಚಾವಡೀಲಿ ಅವನ್ನ ಹೊಡೀತಾವ್ರೆ!”

ಹುಲಿಗೆಮ್ಮ ಕೈಯಲ್ಲಿದ್ದ ಮೊರ ಬಿಸಾಡಿದಳು. ಗೌಡರ ಮನೆಯ ಹೆಂಗಸರು ಚಾವಡಿ ಮೆಟ್ಟಿಲು ಹತ್ತಿದ್ದು ಆವರೆಗೆ ಇರಲಿಲ್ಲ. ಅತ್ತೆಯ ಕೈ ಹಿಡಿದು ಹತ್ತಿದಳು.

ತಿಮ್ಮಪ್ಪ ನೆಲದ ಮೇಲೆ ಮುದುಡಿ ಬಿದ್ದಿದ್ದ. ಬಲಗೈ ಮಣಿಕಟ್ಟು ಊದಿಕೊಂಡಿತ್ತು. ತಮಟೆ ಬಾರಿಸುವ ಕೈ ಯಾವುದೆಂದು ಕೇಳಿಯೇ ಜವಾನ ಹೊಡೆದಿದ್ದ. ಅಮಲ್ದಾರರು ಕುರ್ಚಿಯ ಮೇಲಿದ್ದರು. ದೊಡ್ಡಬೀರಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತು ಹೇಳುತ್ತಿದ್ದ:

“ನಂಗೇನೂ ಗೊತ್ತಿಲ್ಲ ಬುದ್ಧಿ. ಇವ್ನೇ ಕುಡಿದ ಅಮಲ್ನಾಗೆ ಬಾರಿಸ್ಬಿಟ್ಟವ್ನೆ.”

ಹುಲಿಗೆಮ್ಮನಿಗೆ ಇಪ್ಪತ್ತು ವರ್ಷ ಈ ಮನುಷ್ಯನಿಗೆ ಅನ್ನ ಬಡಿಸಿದ್ದೇ ನಾಚಿಕೆಯೆನಿಸಿತು.

“ಹದಿನಾರು ದಿನದಿಂದ ಊರಾಗೆ ತೊಟ್ಟು ಹೆಂಡ ಇಲ್ಲ ಬುದ್ಧಿ,” ಎಂದಳು. “ಇವ್ನು ಏನು ಕುಡಿದ ಅಂತ ಗೌಡ್ರನ್ನೇ ಕೇಳಿ. ವೀಳ್ಯ ಕೊಟ್ಟೋರು ನಾವು. ಹೊಡೆಯೋದಾದ್ರೆ ನಮ್ಮನ್ನ ಹೊಡೀರಿ.”

ಅಮಲ್ದಾರರು ದೊಡ್ಡಬೀರಪ್ಪನತ್ತ ತಿರುಗಿದರು. “ಯಾರಯ್ಯ ಇವರು?”

“ಈ ಗೌಡನ ತಾಯಿ ನಾನು, ಇವಳು ಇವನ ಹೆಂಡ್ತಿ,” ಎಂದು ದುರ್ಗಮ್ಮನೇ ಹೇಳಿದಳು.

“ಸರ್ಕಾರದ ಆದಾಯಕ್ಕೆ ಅಡ್ಡಿ ಮಾಡುವುದು ಅಪರಾಧ. ಗೊತ್ತೇನಮ್ಮ?”

“ಯಾರು ಅಡ್ಡಿ ಮಾಡವ್ರೆ ಬುದ್ಧಿ? ಅಂಗಡಿ ಬಾಗಿಲು ತೆಗೆದೇ ಐತೆ. ಹೋಗೋರನ್ನ ನಾವು ಹಿಡ್ಕೊಂಡಿಲ್ಲ,” ಎಂದಳು ದುರ್ಗಮ್ಮ.

“ಹಾಗಾದರೆ ಈ ಸಾರು ತೆಗೆಯಿರಿ.”

“ಮಾರಿ ಗಡಿ ದಾಟಿದ ದಿನ ತೆಗೀತೀವಿ.”

ಅಮಲ್ದಾರರು ಕೋಪದಿಂದ ಎದ್ದರು, ಮತ್ತೆ ಕೂತರು. ಅವರ ಸ್ವಂತ ಅಡಿಗೆಯವನೇ ಅವತ್ತು ಚಾವಡಿಯ ಹಿಂದೆ ಒಗ್ಗರಣೆಯಿಲ್ಲದ ಅಡಿಗೆ ಮಾಡಿಟ್ಟಿದ್ದ. ಕೇಳಿದ್ದಕ್ಕೆ, ಊರಿಗೆ ಸಾರು ಹಾಕಿದ್ದಾರೆ ಸ್ವಾಮಿ, ನನಗೂ ಮಕ್ಕಳುಮರಿ ಇದ್ದಾವೆ ಎಂದಿದ್ದ. ಗೌಡರ ಮನೆಯ ಮುದುಕಿಗೆ ಬೇಡಿ ಹಾಕಿಸಿದರೆ ಮೂರು ಹಳ್ಳಿ ಆರಾಗುತ್ತವೆ ಎಂಬುದು ಅವರಿಗೆ ಹೊಳೆಯಿತು. ತಿಮ್ಮಪ್ಪನನ್ನು ಬಿಡಿಸಿಕೊಂಡೇ ಹೆಂಗಸರು ಮೆಟ್ಟಿಲಿಳಿದರು. ಹೊಡೆದ ಜವಾನನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನಾಲ್ಕು ದಿನಕ್ಕೆ ಅಮಲ್ದಾರರ ಹುಕುಂ ಬಂತು, ಗುತ್ತಿಗೆದಾರನ ಆಳುಗಳು ಗುಡಿಸಲು ಬಿಚ್ಚಿ, ಗಳ ಗರಿ ಎಲ್ಲ ಹೊತ್ತು ಈಚಲ ವನದ ಆಚೆಗೆ ಹೋದರು.

ಮಾರನೆಯ ದಿನದಿಂದಲೇ ದೊಡ್ಡಬೀರಪ್ಪ ಜಗಲಿಯ ಮೇಲೆ ಮೀಸೆ ತಿರುವುತ್ತಾ ಕೂತ. ಬಂದವರೆಲ್ಲ ‘ಗೌಡ್ರು ಗಟ್ಟಿಗರು, ಅಮಲ್ದಾರರನ್ನೇ ಬಗ್ಗಿಸಿದ್ರು’ ಎಂದರೆ ತಲೆಯಾಡಿಸಿದ. ಮಗ ಬೀರೂರಿನಿಂದ ಅಚ್ಚು ಹಾಕಿಸಿದ ಒಂದು ಕರಪತ್ರ ತಂದು ಓದಿದ. ಗೌಡ ದೊಡ್ಡಬೀರಪ್ಪನವರ ಮುಂದಾಳುತನದಲ್ಲಿ ಗ್ರಾಮಸ್ಥರು ಪಾನನಿರೋಧ ಸಾಧಿಸಿದರು ಎಂದಿತ್ತು.

“ತಿಮ್ಮಣ್ಣನ ಕೈ ಎಲ್ಲೈತೆ ಇದ್ರಾಗೆ?” ಎಂದು ಕೇಳಿದಳು ಹುಲಿಗೆಮ್ಮ.

“ಬರೆದಿದ್ದೆ ಕಣವ್ವ. ನಮ್ಮೋರು ತೆಗೆದುಬಿಟ್ರು.”

“ತೆಗೆದ್ರೆ ನೀನು ಸುಮ್ನೆ ತಗೊಂಡು ಬಂದ್ಬಿಟ್ಟೆ.”

ಮಗ ತಲೆ ತಗ್ಗಿಸಿ ಕರಪತ್ರ ಮಡಿಚಿದ.

ಮಂಗಳವಾರ ಬೆಳಗ್ಗೆ ಸಾರು ತೆಗೆಯುವುದೆಂದಾಯಿತು. ದುರ್ಗಮ್ಮನ ಕೈಯಿಂದ ವೀಳ್ಯ ಹೋಯಿತು. ತಿಮ್ಮಪ್ಪ ಎಡಗೈಯಲ್ಲಿ ತಡವರಿಸುತ್ತಾ ತಮಟೆ ಬಾರಿಸಿಕೊಂಡು ಬಂದ. ಊರಿನ ಹೆಂಗಸರು ಒಲೆ ಹೊತ್ತಿಸಿ, ಹೆಂಚು ತೊಳೆದಿಟ್ಟುಕೊಂಡು, ಗೌಡರ ಮನೆಯ ವಾಸನೆಗಾಗಿ ಬಾಗಿಲಲ್ಲಿ ನಿಂತರು. ಜಗಲಿಯ ಮೇಲೆ ಏಳೆಂಟು ಗಂಡಸರು ಕೂತಿದ್ದರು. ಒಳಗೆ ಹುಲಿಗೆಮ್ಮ ಸೌಟಿನಲ್ಲಿ ಎಣ್ಣೆ ಹಾಕಿ, ಸಾಸಿವೆ ಕೈಯಲ್ಲಿ ಹಿಡಿದು, ಮಗಳನ್ನು ಕರೆದಳು.

“ಕೆಂಚಿ, ಕೊಡ ತಗೋ. ಒಂದು ಕೊಡ ನೀರು ತಗೊಂಡು ಬಾ.”

ಹುಡುಗಿ ಕೊಡ ಎತ್ತಿಕೊಂಡು ಬಾಗಿಲಿಗೆ ಬಂದಳು. ಹೊಸಿಲಲ್ಲಿ ಕೂತಿದ್ದ ದೊಡ್ಡಬೀರಪ್ಪ ಕಾಲು ಅಡ್ಡ ಚಾಚಿದ.

“ಇವಳ್ಯಾಕೆ? ನೀನೇ ಹೋಗಿ ತಾ.”

“ಅಂಗಡಿ ಹೋಯ್ತಲ್ಲ.”

“ಅಂಗಡಿ ಹೋದ್ರೆ ಆಡ್ಕೊಳ್ಳೋರ ಬಾಯಿ ಹೋಯ್ತಾ? ಮದುವೆ ಆಗೋಗಂಟ ಇವಳು ಹೊಸಿಲು ದಾಟಬಾರ್ದು.”

ಹುಲಿಗೆಮ್ಮ ಸೌಟನ್ನು ಒಲೆಯಿಂದ ಇಳಿಸಿದಳು. ಸಾಸಿವೆಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. ಉರಿಯುತ್ತಿದ್ದ ಸೌದೆಯನ್ನು ಹಿಂದಕ್ಕೆ ಎಳೆದು, ಒಲೆಯ ಮುಂದಿನಿಂದ ಎದ್ದು, ಅತ್ತೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಳು.

“ಏನೇ ಮಾಡ್ತಿದೀಯ?”

“ಕೂತಿದೀನಿ.”

“ಒಗ್ಗರಣೆ ಹಾಕು. ಊರೆಲ್ಲ ಕಾಯ್ತೈತೆ!”

“ಕಾಯ್ಲಿ. ನನ್ನ ಮಗಳು ಒಂದೂವರೆ ತಿಂಗಳಿಂದ ಕಾಯ್ತಾವ್ಳೆ.”

ಎದುರುಮನೆಯಾಕೆ “ಯಾಕೆ ಹುಲಿಗೆಮ್ಮಕ್ಕ, ಇನ್ನೂ ಸಿಡಿಸಿಲ್ವಾ?” ಎಂದು ಕೂಗಿದಳು. “ಗೌಡ್ರು ಬಾಗಿಲಿಗೆ ಕಾಲು ಅಡ್ಡ ಇಟ್ಟವ್ರೆ ಕಣವ್ವ, ಅವ್ರನ್ನೇ ಕೇಳು,” ಎಂದು ದುರ್ಗಮ್ಮ ಒಳಗಿನಿಂದಲೇ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಆ ಮಾತು ಬಾಗಿಲಿನಿಂದ ಬಾಗಿಲಿಗೆ ದಾಟಿ ಕೇರಿಯ ಕೊನೆ ಮುಟ್ಟಿತು.

“ಅವ್ವ, ನೀನಾದ್ರೂ ಹೇಳೇ ಇವಳಿಗೆ,” ಎಂದು ದೊಡ್ಡಬೀರಪ್ಪ ಧ್ವನಿ ತಗ್ಗಿಸಿದ.

“ನಿನ್ನ ಕಾಲು, ನಿನ್ನ ಊರು. ನಾನೇನು ಹೇಳ್ಲಿ?”

ಜಗಲಿಯಿಂದ ಒಬ್ಬ ಮುದುಕ ಕೆಮ್ಮಿದ. “ಗೌಡ, ಹಸಿವು ಕಣಪ್ಪ. ಮಗಳನ್ನ ಬುಡು ಅತ್ಲಾಗೆ.”

ದೊಡ್ಡಬೀರಪ್ಪ ಕಾಲು ಮಡಿಚಿಕೊಂಡ. ಕೆಂಚಮ್ಮ ಹೊಸಿಲು ದಾಟಿದಳು. ಬಾಗಿಲು ಬಾಗಿಲಲ್ಲಿ ನಿಂತಿದ್ದ ಇಡೀ ಊರಿನ ಕಣ್ಣೆದುರಿಗೆ ಬೀದಿಯುದ್ದಕ್ಕೂ ನಡೆದು ಏರಿ ಹತ್ತಿದಳು. ಮೊದಲು ತಲೆ ತಗ್ಗಿಸಿದ್ದಳು. ಗುಡಿಸಲಿದ್ದ ಜಾಗಕ್ಕೆ ಬಂದಾಗ ತಲೆ ಎತ್ತಿದಳು. ಅವಳು ಬಾವಿ ಸೇದಿ, ಕೊಡ ಸೊಂಟಕ್ಕಿಟ್ಟುಕೊಂಡು, ಏರಿ ಇಳಿದು, ಮನೆಗೆ ಬಂದು, ಕೊಡವನ್ನು ಇಳಿಸುವವರೆಗೂ ಆ ಊರಿನಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕಲಿಲ್ಲ.

ಆಮೇಲೆ ಹುಲಿಗೆಮ್ಮ ಎದ್ದು ಸೌದೆ ಮುಂದಕ್ಕೆ ತಳ್ಳಿ ಸಾಸಿವೆ ಸಿಡಿಸಿದಳು. ಬೀದಿಯಲ್ಲಿ ಒಂದೊಂದೇ ಮನೆಯ ಹೆಂಚು ಏರಿತು.

“ನಂಗೆ ಬಡಿಸ್ತೀಯೋ ಇಲ್ವೋ?” ಎಂದು ದೊಡ್ಡಬೀರಪ್ಪ ಹೊಸಿಲಿನಿಂದಲೇ ಕೇಳಿದ.

“ಬಡಿಸ್ತೀನಿ,” ಎಂದಳು ಹುಲಿಗೆಮ್ಮ. “ಕೈ ತೊಳ್ಕೊಂಡು ಬನ್ನಿ. ಕೆಂಚಿ ತಂದ ನೀರೈತೆ.”